ರಾಯಚೂರಿನ ಡಿಗ್ರಿ ಕ್ಲಾಸಿನಲ್ಲಿ ಮೋಲ್‌ಸ್ಟಾರ್: ಹಲವು ಬ್ಯಾಚ್‌ಗಳ ನಂತರದ ವಿಮರ್ಶೆ

ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರೋಟೀನ್ ರಚನೆ ಕಲಿಸುವುದಕ್ಕೆ ಕೆಲವು ವರ್ಷಗಳಿಂದ ಮೋಲ್‌ಸ್ಟಾರ್ ಬಳಸುತ್ತಿದ್ದೇನೆ. ಇದು ಪ್ರೋಟೀನ್‌ನಂಥ ಅಣುಗಳನ್ನು ಮೂರು ಆಯಾಮದಲ್ಲಿ ತಿರುಗಿಸಿ ನೋಡುವ ಸಾಫ್ಟ್‌ವೇರ್. ಬೇರೆ ಕಾಲೇಜಿನ ಮೇಷ್ಟ್ರುಗಳು ಇದರ ಬಗ್ಗೆ ಆಗಾಗ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೋಲ್‌ಸ್ಟಾರ್ ಇರುವುದು ಪ್ರೋಟೀನ್ ಡೇಟಾ ಬ್ಯಾಂಕ್, ಅಂದರೆ ಪಿಡಿಬಿಯ ವೆಬ್‌ಸೈಟಿನಲ್ಲೇ. ಪಿಡಿಬಿ ಎಂದರೆ ಪ್ರೋಟೀನ್ ರಚನೆಗಳ ಸಂಗ್ರಹ, ಪ್ರತಿ ರಚನೆಗೂ ಒಂದು ನಂಬರ್. ಇನ್‌ಸ್ಟಾಲ್ ಬೇಡ, ಲಾಗಿನ್ ಬೇಡ, ದುಡ್ಡೂ ಬೇಡ. ರಚನೆಯ ನಂಬರ್ ಹಾಕಿ ಸ್ಟ್ರಕ್ಚರ್ ಟ್ಯಾಬ್ ಒತ್ತಿದರೆ ಬ್ರೌಸರ್‌ನಲ್ಲೇ ಪ್ರೋಟೀನ್ ತೆರೆಯುತ್ತದೆ. 1971ರಲ್ಲಿ ಬರೀ 7 ರಚನೆಗಳಿಂದ ಶುರುವಾದ ಪಿಡಿಬಿ 2023ರ ಹೊತ್ತಿಗೆ 2 ಲಕ್ಷ ದಾಟಿತ್ತು. ಅಷ್ಟೂ ರಚನೆಗಳು ದೇವದುರ್ಗದಿಂದ ಬಸ್ಸಿನಲ್ಲಿ ಬರುವ ಹುಡುಗಿಯ ಫೋನಿನಲ್ಲೂ ತೆರೆಯುತ್ತವೆ. ನನಗೆ ಇದು ತುಂಬಾ ದೊಡ್ಡ ವಿಷಯ.

ನಾನು ಯಾವಾಗಲೂ ಹಿಮೋಗ್ಲೋಬಿನ್‌ನಿಂದ ಶುರು ಮಾಡುತ್ತೇನೆ. ನಂಬರ್ 4ಎಚ್‌ಎಚ್‌ಬಿ. ನಾಲ್ಕು ಸರಪಳಿ (ಎರಡು ಆಲ್ಫಾ, ಎರಡು ಬೀಟಾ), ನಾಲ್ಕು ಬಣ್ಣ, ನಡುನಡುವೆ ಹೀಮ್, ಅಂದರೆ ಆಕ್ಸಿಜನ್ ಹಿಡಿಯುವ, ಕಬ್ಬಿಣ ಇರುವ ಚಪ್ಪಟೆ ಭಾಗ. ಒಂದು ಹೀಮ್ ಮೇಲೆ ಒತ್ತಿದರೆ ಅದು ಹತ್ತಿರ ಬಂದು, ಸುತ್ತಲಿನ ಅಮೈನೋ ಆಮ್ಲಗಳು ಬಿಡಿಬಿಡಿಯಾಗಿ ಕಾಣುತ್ತವೆ. ಬೀಟಾ ಸರಪಳಿಯಲ್ಲಾದರೆ 92ನೇ ಅಮೈನೋ ಆಮ್ಲವಾದ ಹಿಸ್ಟಿಡೀನ್ ಕಬ್ಬಿಣವನ್ನು ಹಿಡಿದುಕೊಂಡಿರುವುದು ಸ್ಪಷ್ಟ. ಈಗ ಹೀಮ್‌ನ ಅಂಚು ಕಣ್ಣಿಗೆ ನೇರವಾಗುವ ಹಾಗೆ ತಿರುಗಿಸಲು ಹೇಳಿ. ಕಬ್ಬಿಣ ಹೀಮ್‌ನ ಮಟ್ಟದಿಂದ ಸ್ವಲ್ಪ ಹೊರಗೆ, ಹಿಸ್ಟಿಡೀನ್ ಕಡೆಗೆ ಸರಿದಿರುತ್ತದೆ. ಇದು ಆಕ್ಸಿಜನ್ ಇಲ್ಲದ ರೂಪ. ಆಮೇಲೆ 1ಎಚ್‌ಎಚ್‌ಒ ತೆರೆದರೆ ಆಕ್ಸಿಜನ್ ಕೂತಿದೆ, ಕಬ್ಬಿಣ ಒಳಕ್ಕೆ ಬಂದಿದೆ. ಇಷ್ಟೇ ಇಷ್ಟು ಸರಿದಾಟದಿಂದ ಇಡೀ ಅಣು ಆಕಾರ ಬದಲಿಸುತ್ತದೆ ಎಂಬುದನ್ನು ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹೋಗುತ್ತಿರಲಿಲ್ಲ. ತಾವೇ ತಿರುಗಿಸಿ ನೋಡಿದವರು ಪರೀಕ್ಷೆಯಲ್ಲಿ ಅದನ್ನು ಸ್ವಂತ ಮಾತಿನಲ್ಲಿ ಬರೆಯುತ್ತಾರೆ.

ಸಿಕಲ್ ಸೆಲ್, ಅಂದರೆ ಹಿಮೋಗ್ಲೋಬಿನ್‌ನ ಒಂದು ಅಮೈನೋ ಆಮ್ಲ ಬದಲಾಗಿ ಬರುವ ರಕ್ತದ ಕಾಯಿಲೆಯ ಪಾಠಕ್ಕೆ 2ಎಚ್‌ಬಿಎಸ್. ಇದರಲ್ಲಿ ಎರಡು ಹಿಮೋಗ್ಲೋಬಿನ್ ಪಕ್ಕಪಕ್ಕ ಇವೆ. ಒಂದೇ ಕಂಡರೆ ಬಲಬದಿಯ ಪ್ಯಾನಲ್‌ನಲ್ಲಿ ಅಸೆಂಬ್ಲಿ ಬದಲು ಮಾಡೆಲ್ ಆರಿಸಿ. ಒಂದರ ಬೀಟಾ ಸರಪಳಿಯ 6ನೇ ಜಾಗದ ವ್ಯಾಲೀನ್ (ಬದಲಾದ ಅಮೈನೋ ಆಮ್ಲ ಇದೇ) ಇನ್ನೊಂದರ ಫೀನೈಲ್‌ಅಲನೀನ್ 85 ಮತ್ತು ಲ್ಯೂಸೀನ್ 88 ಇರುವ ತಗ್ಗಿನಲ್ಲಿ ಹೋಗಿ ಕೂತಿರುತ್ತದೆ. ಆ ಜಾಗವನ್ನು ನಾನು ತೋರಿಸುವುದಿಲ್ಲ, ಮೇಲಿನ ಸೀಕ್ವೆನ್ಸ್ ಸಾಲಿನಲ್ಲಿ ನಂಬರ್ ಹಿಡಿದು ಹುಡುಕಲು ಬಿಡುತ್ತೇನೆ. ಟೈಮ್ ಜಾಸ್ತಿ ಬೇಕು. ಆದರೆ ಹುಡುಕುವುದನ್ನು ಕಲಿಯುವುದೇ ಇಲ್ಲಿ.

ನಮ್ಮ ಕಡೆಯ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು 1ಸಿಐವೈ. ಇದು ಕ್ರೈ1ಎಎ, ಬಿಟಿ ಬ್ಯಾಕ್ಟೀರಿಯಾದ ವಿಷ ಪ್ರೋಟೀನ್. ಭಾರತದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿಯಲ್ಲಿ ಇದ್ದದ್ದು ಇದರ ಹತ್ತಿರದ ಸಂಬಂಧಿ ಕ್ರೈ1ಎಸಿ. ಮೂರು ಭಾಗಗಳು ನೋಡಿದ ಕೂಡಲೇ ಗೊತ್ತಾಗುತ್ತವೆ: ಒಂದು ಬರೀ ಹೆಲಿಕ್ಸ್‌ಗಳ (ಸುರುಳಿಗಳ) ಕಟ್ಟು, ಉಳಿದೆರಡು ಬೀಟಾ ಶೀಟ್ (ಹಾಳೆಯಂಥ ಮಡಿಕೆ). ಹುಳದ ಕರುಳಿನ ಪೊರೆಯಲ್ಲಿ ತೂತು ಮಾಡುವುದು ಆ ಹೆಲಿಕ್ಸ್ ಕಟ್ಟು. ಕ್ಲಾಸಿನಲ್ಲಿ ಸುಮಾರು ಮಕ್ಕಳ ಮನೆಯಲ್ಲಿ ಹತ್ತಿ ಬೆಳೆಯುತ್ತಾರೆ. ಮಾನ್ವಿ ಕಡೆಯ ಹುಡುಗನೊಬ್ಬ ತಕ್ಷಣ ಕೇಳಿದ: "ಸರ, ಹಂಗಾರ ಈಗ ಹುಳ ಯಾಕ ಸಾಯವಲ್ದು?" ಅವನು ಕೇಳಿದ್ದು ಗುಲಾಬಿ ಕಾಯಿಕೊರಕದ ಬಗ್ಗೆ. ಗಿಡದಲ್ಲಿರುವ ಪ್ರೋಟೀನ್ ಹಾಗೇ ಇದೆ. ಬದಲಾಗಿದ್ದು ಹುಳದ ಕರುಳಿನ ಕ್ಯಾಡ್ಹೆರಿನ್, ಅಂದರೆ ವಿಷ ಬಂದು ಅಂಟಿಕೊಳ್ಳುವ ಪ್ರೋಟೀನ್. ಭಾರತದ ಕಾಯಿಕೊರಕಗಳಲ್ಲಿ ಇಂಥ ಬದಲಾವಣೆ ಸಿಕ್ಕಿದೆ. ಆವತ್ತಿನ ಕ್ಲಾಸ್ ಬೆಲ್ ಹೊಡೆದ ಮೇಲೂ ಮುಗಿಯಲಿಲ್ಲ.

ಇನ್ನು ಹುಷಾರಾಗಿರಬೇಕಾದ ಕಡೆಗಳು. ಮೊದಲು ಕಾಣುವ ರಿಬ್ಬನ್ ಚಿತ್ರವನ್ನೇ ಮಕ್ಕಳು ಪ್ರೋಟೀನ್ ಅಂದುಕೊಂಡುಬಿಡುತ್ತಾರೆ, ಒಳಗೆ ಖಾಲಿ ಜಾಗ ಇದೆ ಅಂತಲೂ ನಂಬುತ್ತಾರೆ. ಕಾಂಪೊನೆಂಟ್ಸ್‌ಗೆ ಹೋಗಿ ಸ್ಪೇಸ್‌ಫಿಲ್ (ಪ್ರತಿ ಪರಮಾಣುವನ್ನೂ ಗುಂಡಾಗಿ ತೋರಿಸುವ ಚಿತ್ರ) ಹಾಕಿಸಿ, ಆಗ ಒತ್ತೊತ್ತಾಗಿ ತುಂಬಿರುವುದು ತಿಳಿಯುತ್ತದೆ. ಅಲ್ಲಲ್ಲಿ ತೇಲುವ ಕೆಂಪು ಚುಕ್ಕೆಗಳು ನೀರಿನ ಆಕ್ಸಿಜನ್. "ಹೈಡ್ರೋಜನ್ ಎಲ್ಲಿ?" ಅಂತ ಕೇಳಿದವರಿಗೆ ಶಭಾಷ್ ಹೇಳಿ. ಎಕ್ಸ್‌ರೇ ವಿಧಾನದಲ್ಲಿ ಹೈಡ್ರೋಜನ್ ಸಾಮಾನ್ಯವಾಗಿ ಕಾಣುವುದಿಲ್ಲ ಎಂದು ವಿವರಿಸಲು ಅದಕ್ಕಿಂತ ಒಳ್ಳೆ ಸಮಯ ಸಿಗಲ್ಲ. ಆಲ್ಫಾಫೋಲ್ಡ್ ಮಾದರಿಗಳೂ ಇದರಲ್ಲೇ ತೆರೆಯುತ್ತವೆ, ಆದರೆ ಅವು ಕಂಪ್ಯೂಟರ್‌ನ ಊಹೆ. ಕಡುನೀಲಿ ಇದ್ದ ಕಡೆ ಭರವಸೆ ಜಾಸ್ತಿ, ಕಿತ್ತಳೆ ಬಣ್ಣದ ಉದ್ದ ಎಳೆಗಳನ್ನು ನೋಡಿ ಆಕಾರದ ಬಗ್ಗೆ ಏನನ್ನೂ ಹೇಳಬಾರದು. ಈ ಬಣ್ಣದ ಪಾಠ ಮಾಡದೆ ಆಲ್ಫಾಫೋಲ್ಡ್ ತೋರಿಸಲೇಬೇಡಿ.

ಮೆನುಗಳೆಲ್ಲ ಇಂಗ್ಲಿಷ್. ಕನ್ನಡ ಮೀಡಿಯಂನಿಂದ ಬಂದವರು ಮೊದಮೊದಲು ಹಿಂಜರಿಯುತ್ತಾರೆ. ಯಾವ ಬಟನ್ ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಕೊಟ್ಟ ಮೇಲೆ ಆ ತೊಂದರೆ ಹೆಚ್ಚುಕಡಿಮೆ ಹೋಯಿತು. ಫೋನಿನ ಚಿಕ್ಕ ಪರದೆಯಲ್ಲಿ ತಿರುಗಿಸಿ ನೋಡಬಹುದು, ದೂರ ಅಳೆಯುವಂಥ ಕೆಲಸಕ್ಕೆ ಕಂಪ್ಯೂಟರ್ರೇ ಬೇಕು. ಲ್ಯಾಬ್‌ನಲ್ಲಿ ಹಳೇ ಕಂಪ್ಯೂಟರ್ ಇದ್ದರೆ ರೈಬೋಸೋಮ್‌ನಂಥ ದೊಡ್ಡ ರಚನೆಗೆ ಕೈ ಹಾಕಬೇಡಿ. ಕರೆಂಟ್, ನೆಟ್ ನಂಬಲಾಗದ ದಿನಕ್ಕೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇಂಥದ್ದೇ ಸಾಫ್ಟ್‌ವೇರ್‌ಗಳಾದ ಪೈಮೋಲ್, ಕಿಮೇರಾಎಕ್ಸ್ ಎರಡೂ ಇದಕ್ಕಿಂತ ಶಕ್ತಿಶಾಲಿ. ಎಂಎಸ್ಸಿ ಪ್ರಾಜೆಕ್ಟ್‌ಗೆ, ಪೇಪರ್‌ಗೆ ಬೇಕಾದ ಚಿತ್ರಕ್ಕೆ ಅವನ್ನೇ ಹೇಳುತ್ತೇನೆ. ಕಿಮೇರಾಎಕ್ಸ್ ಓದುವವರಿಗೆ, ಕಲಿಸುವವರಿಗೆ ಉಚಿತ. ಆದರೆ ಬಿಎಸ್ಸಿ ಮಕ್ಕಳಿಗೆ, ಅದೂ ಇಡೀ ಕ್ಲಾಸಿಗೆ ಒಟ್ಟಿಗೆ ಕಲಿಸಬೇಕಿದ್ದರೆ ನನ್ನ ಆಯ್ಕೆ ಮೋಲ್‌ಸ್ಟಾರ್. 5ಕ್ಕೆ 4.5 ಕೊಡುತ್ತೇನೆ. ಉಳಿದ ಅರ್ಧ, ಮೆನು ಕನ್ನಡದಲ್ಲಿ ಬಂದ ದಿನ.