ಬ್ರಿಜಿಡ್ ಅಥವಾ ನೀವ್: ಮಗಳಿಗೆ ಯಾವ ಐರಿಷ್ ಹೆಸರು?

ಎರಡೂ ಚೆಂದದ ಹೆಸರುಗಳೇ. ಆದರೆ ಬೇರು ಬೇರೆ ಬೇರೆ.

ಬ್ರಿಜಿಡ್ ಹಿಂದೆ ಇಬ್ಬರಿದ್ದಾರೆ. ಹಳೆಯ ಕಥೆಗಳಲ್ಲಿ ಅವಳು ದಗ್ದಾ ದೇವರ ಮಗಳು, ಕವಿತೆ, ವೈದ್ಯ, ಕಮ್ಮಾರಿಕೆ ಮೂರನ್ನೂ ಕಾಯುವ ದೇವಿ. ಆಮೇಲೆ ಬಂದವರು ಅದೇ ಹೆಸರಿನ ಸಂತ ಬ್ರಿಜಿಡ್, ಕಿಲ್ಡೇರ್ ಊರಿನವರು. ಮಠಕ್ಕೆ ಜಾಗ ಕೇಳಿದಾಗ ರಾಜ ಒಪ್ಪಲಿಲ್ಲವಂತೆ. "ನನ್ನ ಹೊದಿಕೆ ಮುಚ್ಚುವಷ್ಟು ಕೊಟ್ಟರೆ ಸಾಕು" ಅಂದರಂತೆ. ಹಾಸಿದ ಹೊದಿಕೆ ಬಯಲು ತುಂಬ ಹರಡಿಕೊಂಡಿತು. ವಾಮನನ ಮೂರು ಹೆಜ್ಜೆ ನೆನಪಾಗುತ್ತೆ, ಅಲ್ವಾ? ಫೆಬ್ರವರಿ 1 ಇವರ ಹಬ್ಬ. ವಸಂತ ಶುರುವಾಗುವ ಹಳೆಯ ಇಂಬೊಲ್ಕ್ ಹಬ್ಬವೂ ಅವತ್ತೇ. ಜೊಂಡುಹುಲ್ಲು ಹೆಣೆದು ಶಿಲುಬೆ ಮಾಡಿ ಮನೆ ಬಾಗಿಲ ಮೇಲೆ ಸಿಕ್ಕಿಸುತ್ತಾರೆ. 2023ರಿಂದ ಈ ಹಬ್ಬಕ್ಕೆ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯೂ ಇದೆ.

ನೀವ್ ಅಂದರೆ ಹೊಳಪು. ಕಡಲ ದೇವರ ಮಗಳು. ಬಿಳಿ ಕುದುರೆಯ ಮೇಲೆ ಬಂದು ಓಷೀನ್ ಎಂಬ ವೀರನನ್ನು ಮುಪ್ಪಿಲ್ಲದ ನಾಡಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅವನಿಗೆ ಮೂರು ವರ್ಷ ಅನಿಸಿದ್ದು, ಇಲ್ಲಿ 300 ವರ್ಷ. ಕಥೆ ತುಂಬ ಕಾಡುತ್ತೆ. ಆದರೆ ಬ್ರಿಜಿಡ್‌ಗಿರುವಂಥ ಸಂತರ ನಂಟು, ಹಬ್ಬ ಇದಕ್ಕಿಲ್ಲ.

ಇನ್ನೊಂದು ವಿಷಯ. ನೀವ್ ಬರೆಯುವುದು ಎನ್-ಐ-ಎ-ಎಂ-ಎಚ್ ಎಂದು. ಊರಿಗೆ ಬಂದಾಗ ಅಜ್ಜಿ ಕಿವಿಗೆ ಅದು ನಮ್ಮ 'ನೀವು' ಥರಾನೇ ಕೇಳುತ್ತೆ. ಬ್ರಿಜಿಡ್‌ಗೆ ಆ ತೊಡಕಿಲ್ಲ. ಮನೆಯಲ್ಲಿ ಕರೆಯೋಕೆ ಬ್ರೀಡ್ ಎಂಬ ಚಿಕ್ಕ ಐರಿಷ್ ರೂಪವೂ ಇದೆ. ನಾನಾದರೆ ಬ್ರಿಜಿಡ್ ಅಂತಲೇ ಇಡುತ್ತೇನೆ.