ವಿಂಡೋಸ್, ಮ್ಯಾಕ್, ಲಿನಕ್ಸ್: ಮಾಲ್‌ವೇರ್ ಕಾಟ ಯಾವುದಕ್ಕೆ ಎಷ್ಟು?

ಬಳಸುವವರು ಹೆಚ್ಚಿದ್ದಷ್ಟೂ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಹೆಚ್ಚು ಎನ್ನುವುದು ಅರ್ಧ ನಿಜ. ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಮೇಲೇ ದಾಳಿ ಜಾಸ್ತಿ, ಸರಿ. ಆದರೆ ಸರ್ವರ್, ರೌಟರ್, ಕ್ಯಾಮೆರಾಗಳಲ್ಲಿ ಲಿನಕ್ಸ್‌ನದೇ ಕಾರುಬಾರು. 2016ರ ಮಿರಾಯ್ ಎಂಬ ಮಾಲ್‌ವೇರ್ ಅಲ್ಲಿಗೇ ನುಗ್ಗಿತು, ಯಾರೂ ಬದಲಾಯಿಸದ ಡೀಫಾಲ್ಟ್ ಪಾಸ್‌ವರ್ಡ್ ಹಿಡಿದು. ಮ್ಯಾಕ್ ಪಾಲು ಚಿಕ್ಕದು. ಆದರೂ 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಮಾಲ್‌ವೇರ್ ಜಾವಾ ಸಾಫ್ಟ್‌ವೇರ್‌ನ ದೋಷದ ಮೂಲಕ ಸುಮಾರು 6 ಲಕ್ಷ ಮ್ಯಾಕ್‌ಗಳನ್ನು ಹೊಕ್ಕಿತ್ತು.

ಅಪ್‌ಡೇಟ್ ಇದಕ್ಕಿಂತ ಮುಖ್ಯ. 2017ರ ಮೇ ತಿಂಗಳಲ್ಲಿ ವಿಂಡೋಸ್ ಮೇಲೆ ನಡೆದ ವಾನಾಕ್ರೈ ದಾಳಿಯನ್ನು ತಡೆಯುವ ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು. ಇನ್ನು ನಕಲಿ ಲಾಗಿನ್ ಪುಟದ ಮುಂದೆ ಮೂರೂ ಅಷ್ಟೇ.

ಗೇಮ್, ಅಕೌಂಟಿಂಗ್ ಸಾಫ್ಟ್‌ವೇರ್ ಬೇಕೇ ಬೇಕೆಂದರೆ ವಿಂಡೋಸ್; ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಖಾತೆ ಇಟ್ಟುಕೊಳ್ಳಿ. ಸೆಟ್ಟಿಂಗ್ ಗೋಜು ಬೇಡದವರಿಗೆ ಮ್ಯಾಕ್, ಕ್ರ್ಯಾಕ್ ಮಾಡಿದ ಆ್ಯಪ್‌ಗಾಗಿ ಗೇಟ್‌ಕೀಪರ್ (ಗುರುತಿಲ್ಲದ ಆ್ಯಪ್ ತಡೆಯುವ ಮ್ಯಾಕ್‌ನ ಕಾವಲು) ಎಚ್ಚರಿಕೆ ತಳ್ಳಿಹಾಕದಿದ್ದರೆ. ಬ್ರೌಸರ್, ಮೇಲ್ ಸಾಕೆನ್ನುವ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್. ನಿಮ್ಮ ಡಿಸ್ಟ್ರೋದ (ಲಿನಕ್ಸ್ ಆವೃತ್ತಿಯ) ರೆಪೊಸಿಟರಿಯಿಂದಲೇ, ಅಂದರೆ ಅದರದೇ ಸಾಫ್ಟ್‌ವೇರ್ ಸಂಗ್ರಹದಿಂದಲೇ ಇನ್‌ಸ್ಟಾಲ್ ಮಾಡಿ, ಎಲ್ಲೋ ಸಿಕ್ಕ ಸ್ಕ್ರಿಪ್ಟನ್ನು ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಓಡಿಸಬೇಡಿ.