ಸುದ್ದಿಯ ಕೊನೆಯ ಸಾಲಿನಲ್ಲಿರುವ 14416: ಕರೆ ಮಾಡಿದರೆ ಏನು ಸಿಗುತ್ತದೆ?

ನಟರೋ ಕಿರುತೆರೆ ಕಲಾವಿದರೋ ಆತ್ಮಹತ್ಯೆಯಿಂದ ತೀರಿಕೊಂಡ ಸುದ್ದಿ ಬಂದರೆ ಈಗ ಅದರ ಕಟ್ಟಕಡೆಗೆ ಒಂದು ಸಾಲು ಇರುತ್ತದೆ: ಟೆಲಿ ಮಾನಸ್ ಸಹಾಯವಾಣಿ, 14416. ಮೇಲಿನದನ್ನೆಲ್ಲ ಓದಿದವರು ಇದನ್ನು ಮಾತ್ರ ಸಿಗರೇಟು ಪ್ಯಾಕಿನ ಎಚ್ಚರಿಕೆಯ ಹಾಗೆ ದಾಟಿಹೋಗುತ್ತಾರೆ. ಆ ಸಂಖ್ಯೆ ಒತ್ತಿದರೆ ಯಾರು ಸಿಗುತ್ತಾರೆ, ಅವರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬ ವಿವರ ಕನ್ನಡದಲ್ಲಿ ಕಾಣಸಿಗುವುದು ಅಪರೂಪ. ಈ ವಿಮರ್ಶೆ ಆ ಸೇವೆಯದ್ದು. ಆ ಸಾಲಿನ ಮೇಲಿರುವ ಸುದ್ದಿಯಲ್ಲಿ ನಾವು ಏನು ಬರೆಯುತ್ತೇವೆ, ಏನು ಓದುತ್ತೇವೆ ಎಂಬುದನ್ನೂ ಇಲ್ಲಿ ಎತ್ತಲೇಬೇಕು. ಸಹಾಯವಾಣಿಯ ಬಲ ಸೋರಿಹೋಗುತ್ತಿರುವುದು ಅಲ್ಲಿಂದಲೇ.

ತೀರ್ಪು ಮೊದಲೇ ಹೇಳುತ್ತೇವೆ: ಕರೆ ಮಾಡಿ. ಖರ್ಚಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಕೊರತೆಗಳಿವೆ, ಮುಂದೆ ಬರೆದಿದ್ದೇವೆ. ಅವು ಯಾವುವೂ ಕರೆ ಮಾಡದಿರಲು ಕಾರಣವಾಗುವಷ್ಟು ದೊಡ್ಡವಲ್ಲ.

ಟೆಲಿ ಮಾನಸ್ ಅನ್ನು ಕೇಂದ್ರ ಸರ್ಕಾರ 2022-23ರ ಬಜೆಟ್‌ನಲ್ಲಿ ಘೋಷಿಸಿತು. ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಸೇವೆ ಶುರುವಾಯಿತು. ಇಡೀ ದೇಶದ ಜಾಲಕ್ಕೆ ನೋಡಲ್ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ತಾಂತ್ರಿಕ ವ್ಯವಸ್ಥೆ ಕಟ್ಟಿದ್ದು ಬೆಂಗಳೂರಿನ ಐಐಐಟಿ. ‘ನಿಮ್ಹಾನ್ಸ್‌ಗೆ ಸೇರಿಸ್ರೋ ಇವನ್ನ’ ಎಂಬ ಮಾತು ನಮ್ಮಲ್ಲಿ ಇವತ್ತಿಗೂ ಬೈಗುಳ. ಕಾಶ್ಮೀರದಿಂದ ಕೇರಳದವರೆಗೆ ಜನ ಕರೆ ಮಾಡುವ ವ್ಯವಸ್ಥೆ ಅದೇ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಡೆಯುತ್ತಿದೆ.

ಕರೆ ಸಾಗುವ ಬಗೆ ಹೀಗೆ. 14416 ಅಥವಾ 1800-89-14416 ಒತ್ತಿ. ಧ್ವನಿಮುದ್ರಿತ ಸೂಚನೆ ಬರುತ್ತದೆ, ಭಾಷೆ ಆರಿಸಲು ಕೇಳುತ್ತದೆ. ಒಟ್ಟು 20 ಭಾಷೆಗಳಿವೆ. ಇಲ್ಲಿ ಅವಸರ ಬೇಡ. ಮುಂಬೈ, ಹೈದರಾಬಾದ್‌ನಂಥ ಊರುಗಳಲ್ಲಿರುವ ಕನ್ನಡಿಗರಂತೂ ಕನ್ನಡದ ಆಯ್ಕೆ ಬರುವ ತನಕ ಕಾದು ಒತ್ತುವುದು ಒಳ್ಳೆಯದು. ಬೇರೆ ಭಾಷೆಯವರು ಸಿಕ್ಕಿ, ಹೇಳಬೇಕಾದ್ದು ಅರ್ಧಕ್ಕೇ ನಿಂತು ಫೋನ್ ಇಟ್ಟುಬಿಟ್ಟರೆ ಮತ್ತೆ ಒತ್ತುವ ಧೈರ್ಯ ಬರುವುದು ಕಷ್ಟ. ಆಮೇಲೆ ಮೊದಲ ಹಂತದಲ್ಲಿ ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ. ನಿದ್ದೆ, ಊಟ, ಎಷ್ಟು ದಿನದಿಂದ ಹೀಗಿದೆ, ಮನೆಯಲ್ಲಿ ಯಾರಿದ್ದಾರೆ, ಮೊದಲು ಚಿಕಿತ್ಸೆ ಆಗಿತ್ತೇ ಎಂದು ಕೇಳುತ್ತಾರೆ. ‘ಸಾಯಬೇಕು ಅನ್ನಿಸಿದೆಯಾ?’ ಎಂದು ನೇರವಾಗಿಯೂ ಕೇಳಬಹುದು. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ನಂಬಿಕೆ ತಪ್ಪು. ಬಾಯಿಬಿಟ್ಟು ಕೇಳುವವರು ಒಬ್ಬರು ಸಿಕ್ಕರೆ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ.

ಮಾತಿನಲ್ಲೇ ಮುಗಿಯುವ ವಿಷಯವಾದರೆ ಅಲ್ಲಿಗೇ ಮುಗಿಯುತ್ತದೆ. ಹೆಚ್ಚಿನ ನೆರವು ಬೇಕೆನಿಸಿದರೆ ಮನೋವೈದ್ಯರಂಥ ತಜ್ಞರಿಗೆ ಕರೆ ದಾಟುತ್ತದೆ. ಎರಡನೇ ಹಂತ ಎಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ವೈದ್ಯಕೀಯ ಕಾಲೇಜು, ಸರ್ಕಾರದ ಆನ್‌ಲೈನ್ ವೈದ್ಯ ಸೇವೆಯಾದ ಇ-ಸಂಜೀವಿನಿ ಇವುಗಳ ಮೂಲಕ ಮುಖಾಮುಖಿ ಅಥವಾ ವಿಡಿಯೊ ಚಿಕಿತ್ಸೆ. 2024ರ ಅಕ್ಟೋಬರ್‌ನಲ್ಲಿ ಆ್ಯಪ್ ಬಂತು, ವಿಡಿಯೊ ಸಮಾಲೋಚನೆಯೂ ಬಂತು. ಆ ಸೌಲಭ್ಯ ಮೊದಲು ಸಿಕ್ಕ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು. ಉಳಿದೆರಡು ತಮಿಳುನಾಡು ಮತ್ತು ಜಮ್ಮು-ಕಾಶ್ಮೀರ.

ಸಿದ್ಧತೆ ಸ್ವಲ್ಪವಿದ್ದರೆ ಸಮಯ ಉಳಿಯುತ್ತದೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಮತ್ತು ಮಿಲಿಗ್ರಾಂ, ಹಳೆಯ ಚೀಟಿ, ಕುಡಿತದ ಪ್ರಮಾಣ, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಅದು, ಇಷ್ಟು ಕೈಗೆ ಸಿಗುವಂತಿರಲಿ. ಬಾಗಿಲು ಹಾಕಿಕೊಂಡು ಮಾತಾಡುವ ಜಾಗ ಮನೆಯಲ್ಲಿಲ್ಲದಿದ್ದರೆ ಮೆಟ್ಟಿಲ ಬಳಿಯೋ ಅಂಗಳದಲ್ಲೋ ಇಯರ್‌ಫೋನ್ ಹಾಕಿಕೊಂಡು ಮಾತಾಡಿ. ಮಗ, ಅಕ್ಕ, ರೂಮ್‌ಮೇಟ್ ಹೀಗೆ ಇನ್ನೊಬ್ಬರ ಪರವಾಗಿಯೂ ಕರೆ ಮಾಡಬಹುದು. ಅಂಥ ಕರೆಯಲ್ಲಿ ‘ಅವನಿಗೆ ಡಿಪ್ರೆಶನ್’ ಎಂದರೆ ಸಾಲದು. ‘ಮೂರು ವಾರದಿಂದ ರಾತ್ರಿ ಎರಡಕ್ಕೆ ಎಚ್ಚರವಾಗ್ತಾನೆ, ಕೆಲಸಕ್ಕೆ ಹೋಗ್ತಿಲ್ಲ, ವಸ್ತುಗಳನ್ನು ಹಂಚಿಬಿಡ್ತಿದ್ದಾನೆ’ ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿ.

ಇನ್ನು ಕೊರತೆಗಳು. ಮತ್ತೊಮ್ಮೆ ಕರೆ ಮಾಡಿದಾಗ ಮೊದಲಿನವರೇ ಸಿಗುತ್ತಾರೆಂಬ ಖಾತ್ರಿಯಿಲ್ಲ. ಅದೇ ಕಥೆಯನ್ನು ಮೊದಲಿಂದ ಹೇಳುವುದು ನೊಂದವರಿಗೆ ದೊಡ್ಡ ಭಾರ. ಹಾಗಾಗಿ ಕರೆ ಮುಗಿದ ಕೂಡಲೇ ಅವರು ಏನು ಸಲಹೆ ಕೊಟ್ಟರು, ಯಾವ ಆಸ್ಪತ್ರೆಯ ಹೆಸರು ಹೇಳಿದರು ಎಂದು ಎರಡು ಸಾಲು ಬರೆದಿಟ್ಟುಕೊಳ್ಳಿ. ಇದು ವಾರವಾರ ನಡೆಯುವ ಸೈಕೋಥೆರಪಿಗೆ ಬದಲಿಯೂ ಆಗುವುದಿಲ್ಲ. ಔಷಧಿಗೂ ಮಿತಿಯಿದೆ: ಮಾದಕದ್ರವ್ಯ ಕಾಯ್ದೆ ಮತ್ತು ಶೆಡ್ಯೂಲ್ ಎಕ್ಸ್ (ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿ) ವ್ಯಾಪ್ತಿಯ ಬಹುತೇಕ ಔಷಧಿಗಳನ್ನು ದೂರದಿಂದ ಬರೆದುಕೊಡಲು ನಿಯಮ ಬಿಡುವುದಿಲ್ಲ. ಆದ್ದರಿಂದ ‘ಬನ್ನಿ, ನೋಡಿಯೇ ಬರೆಯಬೇಕು’ ಎಂದರೆ ಅದನ್ನು ಉಡಾಫೆ ಎಂದುಕೊಳ್ಳಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು, ಜೀವಕ್ಕೆ ಈ ಕ್ಷಣವೇ ಅಪಾಯವಿದ್ದರೆ ಭಾಷೆ ಆರಿಸುತ್ತ ಕೂರುವುದು ಬೇಡ. 112 ಅಥವಾ 108ಕ್ಕೆ ಕರೆ ಮಾಡಿ, ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ, ಹತ್ತಿರದ ಯಾವುದೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

‘ಫೋನ್ ಮಾಡಿದರೆ ಪೊಲೀಸರು ಬರ್ತಾರಾ?’ ಎಂಬ ಭಯ ಹಲವರಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಮನಸ್ಸಿನ ದುಗುಡ ಹೇಳಿಕೊಂಡದ್ದಕ್ಕೆ ಕೇಸು ಆಗುವುದಿಲ್ಲ. ಪ್ರಾಣಕ್ಕೇ ಸಂಚಕಾರವಿದೆ ಎಂದು ಕಂಡಾಗ ಮಾತ್ರ ಗೋಪ್ಯತೆಗಿಂತ ಜೀವ ಉಳಿಸುವುದು ಮುಂದಾಗುತ್ತದೆ, ತುರ್ತು ಸೇವೆಯನ್ನು ಕರೆಯಬಹುದು.

ಈಗ ಆ ಸಾಲಿನ ಮೇಲಿನ ಸುದ್ದಿಗೆ ಬರೋಣ. ತಾರೆಯರ ಮನೋವ್ಯಾಧಿಯನ್ನು ನಾವು ಹೇಗೆ ನೋಡುತ್ತೇವೆ ಎನ್ನುವುದಕ್ಕೆ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯವರ ಅನುಭವವೇ ಸಾಕು. 2015ರಲ್ಲಿ ಅವರು ತಮ್ಮ ಖಿನ್ನತೆಯ ಬಗ್ಗೆ ಹೇಳಿಕೊಂಡಾಗ ‘ದುಡ್ಡಿರೋರಿಗೆ ಎಂಥ ಡಿಪ್ರೆಶನ್, ಇದೆಲ್ಲ ಪ್ರಚಾರ’ ಎಂದವರಿಗೆ ಕೊರತೆಯಿರಲಿಲ್ಲ. ಅದೇ ವರ್ಷ ಅವರು ಕಟ್ಟಿದ ಸಂಸ್ಥೆ 2016ರಿಂದ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ಕೊಡಿಸುವ ಕೆಲಸಕ್ಕೆ ಕೈಹಾಕಿತು. 2020ರ ಜೂನ್ 14ರಂದು ಹಿಂದಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಮೇಲೆ ಖಿನ್ನತೆ ಒಂದು ಕಾಯಿಲೆ ಎಂದು ಹೇಳುವುದೇ ಅಪರಾಧವೆಂಬಂತಾಯಿತು. ಆ ಮಾತನ್ನೇ ಹೇಳಿದ ದೀಪಿಕಾರನ್ನು ಹೀಯಾಳಿಸಿದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅವರನ್ನೇ ದೇಶದ ಮೊದಲ ಮಾನಸಿಕ ಆರೋಗ್ಯ ರಾಯಭಾರಿಯಾಗಿ ನೇಮಿಸಿತು, ಟೆಲಿ ಮಾನಸ್ ಬಗ್ಗೆ ಅರಿವು ಹರಡುವ ಹೊಣೆಯೂ ಅವರದ್ದಾಯಿತು. ಹತ್ತು ವರ್ಷ ಅವರು ಹೇಳಿದ್ದು ಒಂದೇ ಮಾತು.

ಸುಶಾಂತ್ ಪ್ರಕರಣದಲ್ಲಿ ಅವರು ತೆಗೆದುಕೊಳ್ಳುತ್ತಿದ್ದ ಔಷಧಿಗಳೂ ವೈದ್ಯರೊಂದಿಗಿನ ವಿಷಯವೂ ತಿಂಗಳುಗಟ್ಟಲೆ ಟಿವಿಯಲ್ಲಿ ಚರ್ಚೆಯಾದವು. 2020ರ ಅಕ್ಟೋಬರ್‌ನಲ್ಲೇ ಏಮ್ಸ್ ತಂಡ ಕೊಲೆಯ ಸಾಧ್ಯತೆಯನ್ನು ತಳ್ಳಿಹಾಕಿತ್ತು. ಚಿಕಿತ್ಸೆಯಲ್ಲಿರುವ ಸಾಮಾನ್ಯ ಮನುಷ್ಯನೊಬ್ಬ ಇದನ್ನೆಲ್ಲ ನೋಡಿದರೆ ಅವನಿಗೆ ತಿಳಿಯುವುದು ಇಷ್ಟೇ: ಮಾತ್ರೆ ನುಂಗುವುದು ಅವಮಾನ, ವೈದ್ಯರಿಗೆ ಹೇಳಿದ್ದು ನಾಳೆ ಬೀದಿಗೆ ಬರುತ್ತದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ಕಾಯಿಲೆ ಇದ್ದವರ ಪೈಕಿ ಶೇ 80ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯ ಹೊರಗಿದ್ದರು. ಆ ಅಂತರಕ್ಕೆ ವೈದ್ಯರ ಅಭಾವವಷ್ಟೇ ಅಲ್ಲದೆ ಈ ನಾಚಿಕೆಯೂ ಕಾರಣ.

ನಿಯಮ ಇಲ್ಲವೆಂದಲ್ಲ. ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ಆತ್ಮಹತ್ಯೆ ವರದಿಯ ಮಾರ್ಗಸೂಚಿ ಅಂಗೀಕರಿಸಿತು: ಎದ್ದುಕಾಣುವಂತೆ ಪ್ರಕಟಿಸಬಾರದು, ವಿಧಾನ ವಿವರಿಸಬಾರದು, ಜಾಗದ ವಿವರ ಕೊಡಬಾರದು, ಫೋಟೊ ವಿಡಿಯೊ ಹಾಕಬಾರದು. ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಟಿವಿ ವಾಹಿನಿಗಳೂ ಅದನ್ನು ಪಾಲಿಸಬೇಕೆಂದಿತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ತಡೆಯುತ್ತದೆ. ಮಾರ್ಗಸೂಚಿ ಬರುವುದಕ್ಕೆ ಮುಂಚೆ, 2019ರ ಜುಲೈನಲ್ಲಿ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರ ಸಾವಿನ ವೇಳೆ ಕನ್ನಡ ವಾಹಿನಿಗಳ ಕ್ಯಾಮೆರಾ ಒಂದೇ ಜಾಗದ ಮೇಲೆ ನೆಟ್ಟಿದ್ದನ್ನು ನೆನಪಿಸಿಕೊಳ್ಳಿ. ಮುಂದೆ ಆ ಜಾಗಕ್ಕೆ ಎತ್ತರದ ತಡೆಬೇಲಿ ಹಾಕಿಸಬೇಕಾಯಿತು. 2024ರ ನವೆಂಬರ್‌ನಲ್ಲಿ ನಿರ್ದೇಶಕ ಗುರುಪ್ರಸಾದ್ ಹೋದಾಗ, ಇಷ್ಟೆಲ್ಲ ನಿಯಮಗಳಿದ್ದೂ, ಸಾಲದ ಲೆಕ್ಕವೇ ದೊಡ್ಡ ಸುದ್ದಿಯಾಯಿತು. ಯಾವ ಆತ್ಮಹತ್ಯೆಗೂ ಒಂದೇ ಕಾರಣವಿರುವುದಿಲ್ಲ. ‘ಸಾಲದಿಂದ’, ‘ಅವಕಾಶವಿಲ್ಲದೆ’ ಎಂದು ಒಂದೇ ಗೆರೆ ಎಳೆದರೆ ಅದೇ ಕಷ್ಟದಲ್ಲಿರುವ ಓದುಗನಿಗೆ ದಾರಿ ತೋರಿಸಿದಂತಾಗುತ್ತದೆ. ‘ಆತ್ಮಹತ್ಯೆಗೆ ಶರಣು’ ಎಂಬ ನಮ್ಮ ತಲೆಬರಹವೂ ಹೋಗಬೇಕು. ಶರಣು ಎಂಬುದು ದೇವರಿಗೆ, ಗುರುವಿಗೆ ಹೇಳುವ ಮಾತು. ಅದನ್ನು ಸಾವಿಗೆ ಹಚ್ಚಬಾರದು. ‘ಆತ್ಮಹತ್ಯೆಯಿಂದ ಸಾವು’ ಎಂದರೆ ಸಾಕು.

ಬರೆಯುವ ರೀತಿ ಬದಲಾದರೆ ಫಲ ಬದಲಾಗುತ್ತದೆ ಎನ್ನಲು ಪುರಾವೆಯಿದೆ. 2014ರಲ್ಲಿ ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ ತೀರಿಕೊಂಡ ನಂತರದ ತಿಂಗಳುಗಳಲ್ಲಿ ಅಮೆರಿಕದಲ್ಲಿ ಆತ್ಮಹತ್ಯೆಗಳು ಸುಮಾರು ಶೇ 10ರಷ್ಟು ಏರಿದವು. 1994ರಲ್ಲಿ ಗಾಯಕ ಕರ್ಟ್ ಕೊಬೇನ್ ಸತ್ತಾಗ ಸಿಯಾಟಲ್‌ನಲ್ಲಿ ಅವರ ಕಲೆಯನ್ನೂ ಸಾವನ್ನೂ ಬೇರೆಬೇರೆಯಾಗಿಟ್ಟು, ಸಹಾಯ ಎಲ್ಲಿ ಸಿಗುತ್ತದೆಂದು ಮೇಲಿಂದ ಮೇಲೆ ಹೇಳಿದರು. ಸಹಾಯವಾಣಿಗೆ ಕರೆಗಳು ಹೆಚ್ಚಿದವು. ಸಾವುಗಳು ಹೆಚ್ಚುತ್ತವೆ ಎಂಬ ಭಯ ನಿಜವಾಗಲಿಲ್ಲ. ಸಹಾಯವಾಣಿಯ ಸಂಖ್ಯೆ ಸುದ್ದಿಯ ಬುಡದಲ್ಲಿ ಬಿದ್ದಿರದೆ ಎರಡನೇ ಪ್ಯಾರಾಕ್ಕೆ ಬರಬೇಕು, ಕರೆ ಮಾಡಿದರೆ ಏನಾಗುತ್ತದೆ ಎಂಬ ಒಂದು ವಾಕ್ಯದ ಜೊತೆಗೆ.

ಓದುಗರ ಕೈಯಲ್ಲೂ ಕೆಲಸವಿದೆ. ರಸ್ತೆಯಲ್ಲಿ ಅಸ್ವಸ್ಥರಾಗಿ ಅಲೆಯುವ ಕಲಾವಿದರನ್ನು ಮೊಬೈಲಿನಲ್ಲಿ ಹಿಡಿದು ಹರಿಬಿಡುವ ವಿಡಿಯೊ ಬಂದರೆ ಮುಂದೆ ಕಳಿಸಬೇಡಿ, ವೇದಿಕೆಯ ರಿಪೋರ್ಟ್ ಗುಂಡಿ ಒತ್ತಿ. ‘ಹೇಡಿ’, ‘ಕೊಬ್ಬು ಜಾಸ್ತಿಯಾಗಿತ್ತು’ ಎಂದು ಕಾಮೆಂಟ್ ಹಾಕಿದರೆ ಸತ್ತ ತಾರೆ ಅದನ್ನು ಓದುವುದಿಲ್ಲ. ಓದುವವರು ನಿಮ್ಮ ತಂಗಿ, ನಿಮ್ಮ ಸಹೋದ್ಯೋಗಿ; ತಮ್ಮ ವಿಷಯವನ್ನು ನಿಮ್ಮ ಬಳಿ ಹೇಳಬಾರದೆಂದು ಅವರು ಆವತ್ತೇ ತೀರ್ಮಾನಿಸುತ್ತಾರೆ.

ವಿದೇಶದಲ್ಲಿರುವ ಕನ್ನಡಿಗರು 14416 ಅನ್ನು ನೆಚ್ಚಿಕೊಳ್ಳುವಂತಿಲ್ಲ, ಅದು ದೇಶದೊಳಗಿನ ಕಿರುಸಂಖ್ಯೆ. ಅಮೆರಿಕದಲ್ಲಿ 988, ಬ್ರಿಟನ್‌ನಲ್ಲಿ 116 123, ಆಸ್ಟ್ರೇಲಿಯಾದಲ್ಲಿ 13 11 14. ಕರ್ನಾಟಕದ ಊರುಗಳಲ್ಲಿರುವವರು ಫೋನಿನ ಮುಂದಿನ ಹೆಜ್ಜೆಯಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯಾವ ವಾರ ಇದೆಯೆಂದು ವಿಚಾರಿಸಿ. ಜಿಲ್ಲಾ ಕೇಂದ್ರದಿಂದ ಮನೋವೈದ್ಯರು ಅಲ್ಲಿಗೇ ಬರುತ್ತಾರೆ; ಹಳೆಯ ಚೀಟಿಗಳನ್ನು ಮರೆಯದೆ ಒಯ್ಯಿರಿ.